ಬೇಡವೆಂದದ್ದು ಯಾವ ಬಾಗಿಲು

ದಾಖಲೆ ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರುವವರು ಮೊದಲು ತಿಳಿಯಬೇಕಾದದ್ದು ಇಷ್ಟು: ಅಲ್ಲಿ ಕಾಗದ ಕಳೆದುಹೋಗುವುದು ಅಪರೂಪ. ಕಾಗದ ಕಣ್ಣೆದುರೇ ಇದ್ದು ಕೈಗೆ ಸಿಗದಿರುವುದು ದಿನನಿತ್ಯದ ಸಂಗತಿ. ಕಳೆದುಹೋದದ್ದನ್ನು ಹುಡುಕುವುದಕ್ಕೆ ಕಣ್ಣು ಸಾಕು. ಇದ್ದೂ ಸಿಗದ್ದನ್ನು ಪಡೆಯುವುದಕ್ಕೆ ತಲೆ ಬೇಕು, ತಾಳ್ಮೆ ಬೇಕು, ಬೈಸಿಕೊಳ್ಳುವ ಕಿವಿ ಬೇಕು. ನಾನು ಕೆಲಸಕ್ಕೆ ಸೇರಿದಾಗ ಈ ಮೂರರಲ್ಲಿ ನನ್ನ ಹತ್ತಿರ ಕಿವಿ ಮಾತ್ರ ಇತ್ತು.

ನನ್ನ ತಂಗಿಯ ಮಗಳು ಈಗ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಭೂಮಿಯ ದಾಖಲೆ ನೋಡಿಕೊಳ್ಳುತ್ತಾಳೆ. ಮೊನ್ನೆ ಬಂದವಳು, "ಮಾವ, ಫೈಲು ಅಲ್ಲೇ ಕಾಣ್ತಿರತ್ತೆ. ತೆಗೆಯೋಕೆ ಹೋದ್ರೆ ನಿಮಗೆ ಅನುಮತಿ ಇಲ್ಲ ಅನ್ನತ್ತೆ. ತಲೆ ಕೆಟ್ಟುಹೋಗತ್ತೆ" ಎಂದಳು. "ಅದನ್ನು ಮೂಗಿನಲ್ಲಿ ಹೇಳುತ್ತದೆಯೇ?" ಎಂದು ಕೇಳಿದೆ. ಕಂಪ್ಯೂಟರಿಗೆ ಮೂಗಿಲ್ಲವಂತೆ. ನಮ್ಮ ಕಾಲದಲ್ಲಿ ಅದೇ ಮಾತು ಹೇಳುತ್ತಿದ್ದವರಿಗೆ ದೊಡ್ಡ ಮೂಗಿತ್ತು, ಅದರೊಳಗೆ ನಶ್ಯವೂ ಇತ್ತು. ಅಷ್ಟು ಬಿಟ್ಟರೆ ಉಳಿದದ್ದೆಲ್ಲ ಒಂದೇ ಎಂದು ಅವಳ ಮಾತು ಕೇಳುತ್ತ ಕೇಳುತ್ತ ಗೊತ್ತಾಯಿತು. ಅವಳೂ ಅವಳ ಜೊತೆಯವರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದಲ್ಲಿ, ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ. ಸೇರಿದ ವಾರದಲ್ಲೇ ನನ್ನನ್ನು ದಾಖಲೆ ಕೋಣೆಗೆ ಹಾಕಿದರು. ಕಾರಣ ನನ್ನ ಅಕ್ಷರ ಚೆನ್ನಾಗಿತ್ತು ಎಂದಲ್ಲ, ನನ್ನ ಬಾಯಿ ಜಾಸ್ತಿ ಇತ್ತು. ಅಮಲ್ದಾರರು, ಅಂದರೆ ನಿಮ್ಮ ಕಾಲದ ತಹಶೀಲ್ದಾರರು, ಹೇಗೆ ಕೆಮ್ಮುತ್ತಾರೆ, ಶಿರಸ್ತೇದಾರರು ಹೇಗೆ ಪಂಚೆ ಕೊಡವುತ್ತಾರೆ, ಕೇರಳದ ಕಡೆಯ ಮರದ ವ್ಯಾಪಾರಿಗಳು ಬಂದು ಮಲಯಾಳ ಬೆರೆಸಿದ ಕನ್ನಡದಲ್ಲಿ ಹೇಗೆ ಬೇಡಿಕೊಳ್ಳುತ್ತಾರೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಗುಮಾಸ್ತರು ಪೆನ್ನು ಕೆಳಗಿಟ್ಟು ನಗುತ್ತಿದ್ದರು. ಕಾಗದಗಳು ನಗುವುದಿಲ್ಲವಾದ್ದರಿಂದ ನನ್ನನ್ನು ಅವುಗಳ ಜೊತೆ ಕೂರಿಸಿದರೆ ಕಚೇರಿ ನಡೆಯುತ್ತದೆ ಎಂದು ಮೇಲಿನವರು ಎಣಿಸಿದರು.

ಅಲ್ಲಿದ್ದವರು ರೆಕಾರ್ಡ್ ಕೀಪರ್ ಕೃಷ್ಣಪ್ಪನವರು. ಮೂಗು ಮತ್ತು ನಶ್ಯ ಅವರದೇ. ಮೊದಲ ದಿನವೇ ನನ್ನನ್ನು ಬೀರುಗಳ ನಡುವೆ ನಿಲ್ಲಿಸಿ ಪಾಠ ಹೇಳಿದರು. ಪ್ರತಿಯೊಂದು ಕಟ್ಟಿನ ಮೇಲೂ ಒಂದು ರಟ್ಟಿನ ಚೀಟಿ. ಅದರಲ್ಲಿ ಬರೆದಿರುವುದು, ಯಾರು ನೋಡಬಹುದು, ಯಾರು ಬರೆಯಬಹುದು, ಯಾರು ಹೊರಗೆ ಒಯ್ಯಬಹುದು. ಈ ಮೂರೂ ಬೇರೆ ಬೇರೆ. ನೋಡಬಲ್ಲವನು ಬರೆಯುವಂತಿಲ್ಲ, ಬರೆಯಬಲ್ಲವನು ಒಯ್ಯುವಂತಿಲ್ಲ. ಇನ್ನು ಜನರೂ ಮೂರು ಬಗೆ. ಕಾಗದ ಯಾರದೋ ಅವನು ಒಬ್ಬ. ಆ ಕೆಲಸ ನೋಡಿಕೊಳ್ಳುವ ಶಾಖೆಯವರು ಇನ್ನೊಂದು. ಊರ ಮೇಲಿನ ಮಿಕ್ಕ ಜನವೆಲ್ಲ ಮೂರನೆಯದು.

"ಇದಿಷ್ಟು ತಿಳಿದರೆ ಮುಗೀತೇ ಸ್ವಾಮಿ?" ಎಂದೆ.

"ಮುಗಿಯೋದೆಲ್ಲಿ ಬಂತು? ಚೀಟಿಯಲ್ಲಿ ನಿನ್ನ ಹೆಸರಿದೆ ಅಂತಿಟ್ಟುಕೋ. ಬೀರುವಿನ ಬೀಗದ ಕೈ ಇನ್ನೊಬ್ಬರ ಹತ್ತಿರ ಇದೆ. ಏನು ಮಾಡ್ತೀ?"

"ಅವರನ್ನು ಕೇಳ್ತೀನಿ."

"ಅವರು ಕೊಟ್ಟರು. ಕೋಣೆಯ ಬೀಗದ ಕೈ ನನ್ನ ಹತ್ತಿರ ಇದೆ. ನಾನು ಊಟಕ್ಕೆ ಹೋಗಿದೀನಿ. ಏನು ಮಾಡ್ತೀ?"

"ನೀವು ಬರುವವರೆಗೂ ನಿಮ್ಮ ಹಾಗೆ ನಶ್ಯ ಏರಿಸ್ಕೊಂಡು ಕೂರ್ತೀನಿ."

ಅವರು ನಗಲಿಲ್ಲ. ಆದರೆ ಹೇಳಿದ ಮಾತು ನನಗೆ ಕೊನೆಯವರೆಗೂ ಉಪಯೋಗಕ್ಕೆ ಬಂತು. ಒಬ್ಬ ಬಂದು ಕಾಗದ ಸಿಗಲಿಲ್ಲ ಎಂದರೆ, ಯಾಕೆ ಸಿಗಲಿಲ್ಲ ಎಂದು ಕೇಳಬೇಡ. ಎಲ್ಲಿಯವರೆಗೆ ಹೋದೆ, ಬೇಡವೆಂದದ್ದು ಯಾವ ಬಾಗಿಲು, ಎಂದು ಕೇಳು. ಕೋಣೆಯ ಬಾಗಿಲೋ, ಬೀರುವಿನ ಬಾಗಿಲೋ, ಚೀಟಿಯೋ. ಕೆಟ್ಟಿರುವುದು ಒಂದಾದರೆ ಸರಿಮಾಡುವುದು ಇನ್ನೊಂದನ್ನು, ಈ ಕಚೇರಿಯ ಅರ್ಧ ಆಯಸ್ಸು ಹೋಗಿರುವುದೇ ಅದರಲ್ಲಿ.

ಗುಂಡ್ಲುಪೇಟೆಯಲ್ಲಿ ಆಗ ಅನುಮತಿ ಕೊಡುವ ಪದ್ಧತಿ ವಿಚಿತ್ರವಾಗಿತ್ತು. ಶಿರಸ್ತೇದಾರರು ಹಲಗೆಯ ಅಡ್ಡಗೋಡೆಯ ಆಚೆ ಕೂರುತ್ತಿದ್ದರು. ಈಚೆಯಿಂದ ಕೃಷ್ಣಪ್ಪನವರು ಇಂಥವರು ಇಂಥ ಕಾಗದ ಕೇಳುತ್ತಿದ್ದಾರೆ ಎಂದು ಕೂಗುವರು. ಆಚೆಯಿಂದ "ಕೊಟ್ಟು ಕಳಿಸ್ರೀ" ಎಂದೋ "ನಾಳೆ ನೋಡೋಣ" ಎಂದೋ ಧ್ವನಿ ಬರುವುದು. ಅಷ್ಟೇ ಅನುಮತಿ. ಸಹಿ ಇಲ್ಲ, ಮೊಹರು ಇಲ್ಲ. ಮೂವತ್ತು ವರ್ಷದ ಧ್ವನಿ, ಅದನ್ನು ಗುರುತಿಸಲಾರದವರು ಯಾರು ಎಂದು ಎಲ್ಲರೂ ನಂಬಿದ್ದರು.

ಬೇಗೂರಿನ ಅಂಗಡಿಯ ಮಹದೇವಪ್ಪ ತನ್ನ ಅಂಗಡಿ ಜಾಗದ ಕಡತ ನೋಡಬೇಕೆಂದು ಬಂದಿದ್ದ. ಶಿರಸ್ತೇದಾರರದು ನಾಳೆ ನೋಡೋಣ ಆಗಿತ್ತು. ಅವನು ಅಲ್ಲೇ ಬೆಂಚಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ನಾನು ಅಡ್ಡಗೋಡೆಯ ಪಕ್ಕದ ಬೀರುಗಳ ಸಂದಿಯಲ್ಲಿ ಇಬ್ಬರು ಗುಮಾಸ್ತರ ಮುಂದೆ ನನ್ನ ವಿದ್ಯೆ ತೋರಿಸುತ್ತಿದ್ದೆ. "ಕೊಟ್ಟು ಕಳಿಸ್ರೀ ಕೃಷ್ಣಪ್ಪ, ಬಿಸಿಲಲ್ಲಿ ಬಂದಿದಾನೆ, ಯಾಕೆ ಸತಾಯಿಸ್ತೀರಿ." ಗುಮಾಸ್ತರು ಬಾಯಿಗೆ ಟವಲು ಒತ್ತಿಕೊಂಡರು. ನಾವು ನಗು ಮುಗಿಸಿ ಹೊರಗೆ ಬರುವಷ್ಟರಲ್ಲಿ ಮಹದೇವಪ್ಪ ಇರಲಿಲ್ಲ, ಕಡತವೂ ಇರಲಿಲ್ಲ. ಕೃಷ್ಣಪ್ಪನವರು ಆಜ್ಞೆ ಪಾಲಿಸಿದ ತೃಪ್ತಿಯಲ್ಲಿ ನಶ್ಯ ಏರಿಸುತ್ತಿದ್ದರು.

ಮುಂದಿನ ಬಸ್ಸಿಗೆ ನನ್ನನ್ನೇ ಬೇಗೂರಿಗೆ ಅಟ್ಟಿದರು. ಮಹದೇವಪ್ಪ ಅಂಗಡಿಯಲ್ಲಿ ಬೆಲ್ಲ ಒಡೆಯುತ್ತಿದ್ದ. ಕಡತ ತಕ್ಕಡಿಯ ಪಕ್ಕದಲ್ಲಿತ್ತು.

"ಯಾಕ್ಲಾ ಹಿಂದ್ಗುಟ್ಟೇ ಓಡ್ ಬಂದೆ? ಸಿರಸ್ತೇದಾರ್ರೆ ಕೊಡು ಅಂದವ್ರೆ. ನನ್ ಕಿವಿಯಾರ ಕೇಳಿವ್ನಿ."

"ಅದು ಶಿರಸ್ತೇದಾರ್ರಲ್ಲ, ನಾನು."

"ನೀನಾ? ಸುಳ್ಳ್ ಬೊಗಳ್ಬ್ಯಾಡ ಕಣ್ಲಾ. ಅವರ ಗಂಟ್ಲೆಲ್ಲಿ, ನಿನ್ನ ಗಂಟ್ಲೆಲ್ಲಿ. ಎಲ್ಲಿ, ಅನ್ನು ನೋಡನ."

ಅಂದೆ. ಬೆಲ್ಲ ಕೊಳ್ಳಲು ಬಂದಿದ್ದವರೆಲ್ಲ ಸುತ್ತ ನಿಂತರು. ಇನ್ನೊಂದು ಸಲ ಎಂದರು. ಅಮಲ್ದಾರ್ರದು ಬರ್ತದಾ ಎಂದರು. ಅದನ್ನೂ ಮಾಡಿದೆ. ಪಟೇಲರದನ್ನು ಕೇಳಿದರು, ಪಟೇಲರನ್ನು ನಾನು ಕಂಡಿಲ್ಲವೆಂದರೆ "ಬಾ ಓಗನ, ತೋರುಸ್ತಿವಿ" ಎಂದು ಕರೆದುಕೊಂಡು ಹೊರಟರು. ಕೊನೆಗೆ ಮಹದೇವಪ್ಪನೇ ಕನಿಕರಪಟ್ಟು ಕಡತವನ್ನು ಬೆಲ್ಲ ಕಟ್ಟುವ ಕಾಗದದಲ್ಲಿ ಸುತ್ತಿ ಕೊಟ್ಟ. ವಾಪಸು ಬಂದ ಮೇಲೆ ಶಿರಸ್ತೇದಾರರು ತಮ್ಮ ಸ್ವಂತ ಧ್ವನಿಯಲ್ಲಿ ಬೈದರು. ಮೂಲದ ಮುಂದೆ ನನ್ನ ನಕಲು ಏನೇನೂ ಅಲ್ಲ ಎಂದು ಆಗ ತಿಳಿಯಿತು. ಮಾರನೆಯ ದಿನದಿಂದ ಬಾಯಿಮಾತಿನ ಅನುಮತಿ ನಿಂತು ಸಹಿ ಬಂತು. ಸಹಿ ಅನುಕರಿಸುವ ಕಲೆ ನನಗೆ ಬರುತ್ತಿರಲಿಲ್ಲ. ಬಂದಿದ್ದರೆ ಈ ಬರವಣಿಗೆ ಬೇರೆ ಜಾಗದಿಂದ ಬರುತ್ತಿತ್ತು.

ಸಹಿ ಬಂದ ಮೇಲೆ ಕೆಲಸ ನಿಧಾನವಾಯಿತು. ಜನ ಗೊಣಗಿದರು. ಆ ಹೊತ್ತಿಗೆ ಹೊಸ ಅಮಲ್ದಾರರು ಬಂದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು, ನಡೆದರೆ ಬೂಟಿನ ಸದ್ದು ಬಾಯಿಗಿಂತ ಮೊದಲು ಬರುತ್ತಿತ್ತು. ಒಂದು ದಿನ ಯಾವುದೋ ಕಡತ ಹೊತ್ತಿಗೆ ಸಿಗಲಿಲ್ಲವೆಂದು ಅವರಿಗೆ ಸಿಟ್ಟು ಬಂತು. ಆಗಿದ್ದ ತೊಂದರೆ ಒಂದೇ ಕಡತದ್ದು, ಅದರ ಚೀಟಿಯಲ್ಲಿ ಒಂದು ಹೆಸರು ಸೇರಿಸಿದ್ದರೆ ಮುಗಿಯುತ್ತಿತ್ತು. ಅವರು ಮಾಡಿದ್ದು ಏನೆಂದರೆ, ಕೋಣೆಯ ಬಾಗಿಲು ತೆರೆದೇ ಇರಲಿ, ಕಚೇರಿಯ ಯಾರು ಬೇಕಾದರೂ ನೋಡಲಿ, ಬರೆಯಲಿ, ಒಯ್ಯಲಿ ಎಂದು ಆಜ್ಞೆ ಹೊರಡಿಸಿದ್ದು.

ಮೊದಮೊದಲು ಹಬ್ಬ. ಬೇಕಾದದ್ದು ಕೈಗೆ ಸಿಗುತ್ತಿತ್ತು. ಆಮೇಲೆ ಒಂದೇ ಪಹಣಿಯಲ್ಲಿ ನೀಲಿ, ಕಪ್ಪು, ಹಸಿರು ಶಾಯಿಯ ತಿದ್ದುಪಡಿಗಳು ಕಾಣತೊಡಗಿದವು. ತಿದ್ದಿದವರು ಯಾರೂ ಕಳ್ಳರಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ತಪ್ಪು ಕಂಡಿತ್ತು, ಎಲ್ಲರೂ ಸರಿಮಾಡಿದ್ದರು. ಒಬ್ಬರು ಸರಿಮಾಡಿದ್ದನ್ನು ಇನ್ನೊಬ್ಬರು ಸರಿಮಾಡಿದ್ದರು. ಒಂದು ಕಡತದ ಮುಂದಿನ ಭಾಗ ಒಬ್ಬರ ಮೇಜಿನಲ್ಲಿ, ಹಿಂದಿನ ಭಾಗ ಇನ್ನೊಬ್ಬರ ಮೇಜಿನಲ್ಲಿ. ಬೀರುವಿನೊಳಗೆ ಯಾರದೋ ಊಟದ ಡಬ್ಬಿ. ಅಮಲ್ದಾರರು ಇದನ್ನು ಯಾರು ಬರೆದದ್ದು ಎಂದು ಕೇಳಿದಾಗ ಕೃಷ್ಣಪ್ಪನವರು ಶಾಂತವಾಗಿ, "ಎಲ್ಲರೂ ಬರೆಯಬಹುದಲ್ಲ ಸ್ವಾಮಿ, ಯಾರು ಅಂತ ಹೇಳಲಿ?" ಎಂದರು. ಆ ಶಾಂತಿಯನ್ನು ಮಾತ್ರ ನನಗೆ ಇವತ್ತಿಗೂ ಅನುಕರಿಸಲು ಬಂದಿಲ್ಲ.

ಕೃಷ್ಣಪ್ಪನವರು ಮಹಾ ಜಾಣರೆಂದು ತಿಳಿಯಬೇಡಿ. ಅಮಲ್ದಾರರು ಸೋತು, ನೀವೇ ಏನಾದರೂ ಬರೆದುಕೊಂಡು ಬನ್ನಿ ಎಂದಾಗ ಅವರು ಸೇಡು ತೀರಿಸಿಕೊಳ್ಳುವವರ ಹಾಗೆ ಬರೆದರು. ಅಮಲ್ದಾರರ ಖುದ್ದು ಸಹಿ ಇಲ್ಲದೆ ದಾಖಲೆ ಕೋಣೆಯ ಬೀಗವನ್ನು ಯಾರೂ ತೆಗೆಯತಕ್ಕದ್ದಲ್ಲ. ಅಮಲ್ದಾರರು ಸಹಿ ಹಾಕಿ, ಬಂಡೀಪುರದ ಕಡೆ ಕ್ಯಾಂಪಿಗೆ ಹೊರಟುಹೋದರು. ಬೆಳಿಗ್ಗೆ ಬಂದು ನೋಡಿದರೆ ಕೃಷ್ಣಪ್ಪನವರು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಬೀಗದ ಕೈ ಸೊಂಟದಲ್ಲೇ ಇದೆ.

"ಬಾಗಿಲು ತೆಗೀರಿ ಸ್ವಾಮಿ."

"ಅನುಮತಿ ಇಲ್ಲಪ್ಪ."

"ನಿಮಗೇ?"

"ನನಗೇ. ನಾನೇ ಬರೆದದ್ದು."

ಅಮಲ್ದಾರರು ಕ್ಯಾಂಪಿನಿಂದ ಬರುವವರೆಗೂ ನಾವಿಬ್ಬರೂ ಆ ಬೆಂಚಿನ ಮೇಲೆ ಸರ್ಕಾರದ ಸಂಬಳ ತಿಂದೆವು. ಎಲ್ಲರಿಗೂ ತೆರೆಯುವುದೂ ಎಲ್ಲರಿಗೂ ಮುಚ್ಚುವುದೂ ಯೋಚನೆ ಮಾಡಲು ಸೋಮಾರಿತನ ಬಂದಾಗ ಮಾಡುವ ಕೆಲಸ ಎಂದು ನಾನು ಕಲಿತದ್ದು ಹಾಗೆ.

ಆಮೇಲೆ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಬಡ್ತಿಯೇ ಎಂದು ಕೇಳಬೇಡಿ. ಗುಂಡ್ಲುಪೇಟೆಯಲ್ಲಿ ನನ್ನಿಂದ ಅನುಕರಿಸಿಕೊಳ್ಳದೆ ಉಳಿದವರು ಯಾರೂ ಇರಲಿಲ್ಲ, ಆದ್ದರಿಂದ ಕಳಿಸಿದರು. ಅಲ್ಲಿಯ ದಾಖಲೆ ಕೋಣೆ ನನ್ನ ಒಬ್ಬನ ವಶಕ್ಕೆ ಬಂತು. ಒಳಗಿನ ಒಂದು ಬೀರುವಿನಲ್ಲಿ ಸರ್ವೆ ನಕ್ಷೆಗಳು, ಅದರ ಬೀಗದ ಕೈ ಶಿರಸ್ತೇದಾರ್ ರಂಗರಾಯರ ಹತ್ತಿರ. ರಂಗರಾಯರು ಕಣ್ಣೆತ್ತದೆ ಮಾತಾಡುವವರು. ಎದುರಿಗೆ ನಿಂತವನು ಯಾರೆಂದು ಅವರಿಗೆ ಚಪ್ಪಲಿ ನೋಡಿ ತಿಳಿಯುತ್ತಿತ್ತು. ನನ್ನ ಚಪ್ಪಲಿ ಹರಿದದ್ದು, ಆದ್ದರಿಂದ ತಪ್ಪುತ್ತಿರಲಿಲ್ಲ.

ಉಮ್ಮತ್ತೂರಿನ ಮಲ್ಲಾಜಮ್ಮ ಬಂದದ್ದು ಆಗ. ನಡುವಯಸ್ಸಿನ ಹೆಂಗಸು, ಹಣೆಯಲ್ಲಿ ವಿಭೂತಿ. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಬೆರಳಿನ ತುದಿ ಹಸಿರುಗಪ್ಪಾಗಿತ್ತು. ಗಂಡ ತೀರಿಕೊಂಡಿದ್ದ. ಇದ್ದದ್ದು ಇಬ್ಬರು ಹೆಣ್ಣುಮಕ್ಕಳು, ಒಂದು ತುಂಡು ಹಿಪ್ಪುನೇರಳೆ ತೋಟ, ಮನೆಯ ತಟ್ಟೆಗಳಲ್ಲಿ ರೇಷ್ಮೆ ಹುಳ. ತೋಟಕ್ಕೆ ನೀರು ಬರುವುದು ಒಂದು ಬಾವಿಯಿಂದ. ಬಾವಿ ಇದ್ದದ್ದು ಅವಳ ಹೊಲಕ್ಕೂ ಗಂಡನ ಅಣ್ಣ ಗುರುಮಲ್ಲಪ್ಪನ ಹೊಲಕ್ಕೂ ನಡುವೆ. ಮಾವ ಬದುಕಿದ್ದಾಗಲೇ ಹೊಲ ಎರಡು ಭಾಗವಾಗಿ, ಬಾವಿ ಇಬ್ಬರಿಗೂ ಸಮ ಎಂದು ಸರ್ವೆಯವರು ನಕ್ಷೆ ಬರೆದಿದ್ದರು. ಈಗ ಗುರುಮಲ್ಲಪ್ಪ ಹೊಸದಾಗಿ ಆಯಿಲ್ ಇಂಜಿನ್ ತರಿಸಿದ್ದ. ಬಾವಿ ಪೂರ್ತಿ ತನ್ನದು, ಸೋಮವಾರ ಇಂಜಿನ್ ಕೂರುತ್ತದೆ, ಅಷ್ಟರೊಳಗೆ ಎತ್ತು ಕಟ್ಟಿ ನೀರೆತ್ತುವ ನಿನ್ನ ಕಪಿಲೆ ಕಿತ್ತುಕೊಂಡು ಹೋಗು ಎಂದಿದ್ದ.

"ಹುಳ ನಾಕ್ನೇ ಜ್ವರದಲ್ಲವೆ ಸ್ವಾಮಿ," ಎಂದಳು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದನ್ನು ರೇಷ್ಮೆಯವರು ಜ್ವರ ಎನ್ನುತ್ತಾರೆ. "ಜ್ವರ ಬುಟ್ಟು ಎದ್ರೆ ಕಾಡಾನೆ ಮೇದಂಗೆ ಮೇಯ್ತವೆ. ಈ ಬೆಳೆಗೆ ಸೊಪ್ಪದೆ. ನೀರ್ ನಿಂತೋದ್ರೆ ಮುಂದ್ಕೆ ಒಂದೆಲೆ ಬರಲ್ಲ. ಮಕ್ಳ ಕಟ್ಕಂಡು ಎಲ್ಲಿಗ್ ಓಗ್ಲಿ?"

ಅವಳು ಎಲ್ಲಿಯವರೆಗೆ ಹೋಗಿ ಬಂದಿದ್ದಾಳೆಂದು ಕೇಳಿದೆ. ನಕಲು ಕೊಡುವ ಗುಮಾಸ್ತರ ಹತ್ತಿರ ನಕ್ಷೆಯ ನಕಲು ಕೇಳಿದ್ದಳು. ಖಾತೆ ಯಾರ ಹೆಸರಿನಲ್ಲಿದೆ ಎಂದರಂತೆ. ಯಜಮಾನರದು ಎಂದಳಂತೆ. ಅವರನ್ನೇ ಕರೆದುಕೊಂಡು ಬಾ ಎಂದರಂತೆ. ತೀರಿಕೊಂಡರು ಎಂದಳಂತೆ. ಹಾಗಾದರೆ ಮೊದಲು ಖಾತೆ ನಿನ್ನ ಹೆಸರಿಗೆ ಮಾಡಿಸಿಕೋ ಎಂದರಂತೆ. ಖಾತೆಯ ಶಾಖೆಗೆ ಹೋದರೆ, ಅರ್ಜಿಗೆ ನಕ್ಷೆಯ ನಕಲು ಲಗತ್ತಿಸು ಎಂದರಂತೆ.

"ಗಾಣದೆತ್ತಾದ್ರೂ ಸುತ್ತಿದ್ಕೆ ಎಣ್ಣೆ ಕಾಣ್ತದೆ ಸ್ವಾಮಿ. ನಾನು ಬರೀ ಸುತ್ತೇ ಕಂಡೆ."

ನನಗೆ ಹುರುಪು ಬಂತು. ಕೃಷ್ಣಪ್ಪನವರ ಪಾಠ ನೆನೆದುಕೊಂಡು, ಬೇಡವೆಂದದ್ದು ಬೀರುವಿನ ಬಾಗಿಲೇ ಇರಬೇಕು ಎಂದು ತೀರ್ಮಾನಿಸಿದೆ. ರಂಗರಾಯರ ಬಳಿ ಹೋಗಿ ಗೆದ್ದಲು ನೋಡಬೇಕು ಎಂದು ಹೇಳಿ ಬೀಗದ ಕೈ ತಂದೆ. ನಕ್ಷೆ ಸಿಕ್ಕಿತು. ಚೀಟಿ ಓದಿದೆ: ಖಾತೆದಾರರಿಬ್ಬರು ನೋಡಬಹುದು. ಒಬ್ಬ ಗುರುಮಲ್ಲಪ್ಪ, ಇನ್ನೊಬ್ಬ ಸತ್ತವನು. ಅಂದರೆ ಬೀರು ತೆರೆದೂ ಪ್ರಯೋಜನವಿಲ್ಲ. ಬೇಡವೆನ್ನುತ್ತಿದ್ದದ್ದು ಚೀಟಿ, ನಾನು ಪಾಡುಪಟ್ಟು ತೆರೆದದ್ದು ಬೀರು. ಪಾಠ ಗೊತ್ತಿರುವುದು ಬೇರೆ, ಪಾಠ ಬರುವುದು ಬೇರೆ. ಗೆದ್ದಲೂ ಸಿಕ್ಕಲಿಲ್ಲ.

ಆಗಲೇ ಗುರುಮಲ್ಲಪ್ಪ ಬಂದ. ತಮ್ಮನ ಹೆಂಡತಿ ಕಚೇರಿಗೆ ಹೋಗಿದ್ದಾಳೆಂದು ಊರಿನಲ್ಲಿ ಯಾರೋ ಹೇಳಿರಬೇಕು. ದಪ್ಪ ಆಳು, ಹೆಗಲ ಮೇಲೆ ಹೊಸ ಟವಲು, ಮಾತು ಮೆತ್ತಗೆ. ಅವನನ್ನು ಕಂಡು ಮಲ್ಲಾಜಮ್ಮ ಸೆರಗು ಎಳೆದುಕೊಂಡು ಕಂಬದ ಮರೆಗೆ ನಿಂತಳು.

"ನಾನು ಖಾತೆದಾರ. ನಾ ನೋಡ್ಬೌದಲ್ವಾ ಸ್ವಾಮಿ?"

ನೋಡಬಹುದಿತ್ತು. ಚೀಟಿಯಲ್ಲಿ ಹೆಸರಿತ್ತು. ತೋರಿಸಿದೆ. ಅವನು ಬಗ್ಗಿ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಬಹಳ ಹೊತ್ತು ನೋಡಿದ. ಆಮೇಲೆ, "ಮನೆಗ್ ತಕ್ಕಂಡೋಗಿ ನಾಳಿಕೆ ತಂದ್ಕೊಡ್ತಿನಿ. ಇಲ್ಲಿ ಬೆಳಕು ಕಮ್ಮಿ ಅದೆ," ಎಂದ.

"ನೋಡೋದು ನಿಮ್ಮದು. ಒಯ್ಯೋದು ನಿಮ್ಮದಲ್ಲ."

"ಅವ್ಳಿಗೆ ತೋರುಸ್ಬುಟ್ಟೀರಿ ಮತ್ತೆ."

"ಅವರಿಗೆ ನೋಡೋದೂ ಇಲ್ಲ."

"ಸರಿ ಬುಡಿ," ಎಂದು ಕಂಬದ ಕಡೆ ತಿರುಗದೆಯೇ ಹೊರಟುಹೋದ. ನ್ಯಾಯವಾಗಿ ನೋಡಿದರೆ ನಾನು ಮಾಡಿದ್ದೆಲ್ಲ ಸರಿಯಾಗಿತ್ತು. ಸರಿಯಾದದ್ದನ್ನು ಮಾಡಿ ಅಷ್ಟು ಕಸಿವಿಸಿಪಟ್ಟದ್ದು ನನ್ನ ನೌಕರಿಯಲ್ಲಿ ಮತ್ತೊಂದಿಲ್ಲ.

ಪಕ್ಕದ ಮೇಜಿನ ಗುಮಾಸ್ತರು ಪಿಸುಮಾತಿನಲ್ಲಿ ಉಪಾಯ ಹೇಳಿಕೊಟ್ಟರು. ಬೀರು ಹೇಗೂ ತೆರೆದಿದೆ, ಊಟದ ಹೊತ್ತಿನಲ್ಲಿ ಒಂದು ಗಳಿಗೆ ಅವಳಿಗೂ ತೋರಿಸಿಬಿಡು, ಯಾರು ನೋಡುತ್ತಾರೆ. ನನಗೂ ಮನಸ್ಸಾಗಿತ್ತು. ಕಂಬದ ಹತ್ತಿರ ಹೋಗಿ, "ಅಮ್ಮ, ನಕ್ಷೆ ಸಿಕ್ಕಿತು ಅಂತಿಟ್ಟುಕೊಳ್ಳಿ. ತಗೊಂಡು ಏನು ಮಾಡ್ತೀರಿ?" ಎಂದು ಕೇಳಿದೆ.

"ನಂಗ್ಯಾಕ್ ಸ್ವಾಮಿ ಅದು? ನಂಗೆ ಓದಕ್ ಬರಲ್ಲ. ನಾನ್ ಏಳಿದ್ರೆ ಊರಲ್ಲಿ ಯಾರೂ ನಂಬಲ್ಲ. ಆ ನಕ್ಸೇನೆ ಬಾವಿ ತಾವ ಬಂದು, ನಾಕ್ ಜನದ್ ಮುಂದೆ ಬಾಯ್ ಬುಟ್ರೆ ಸಾಕು."

ಅಲ್ಲಿಗೆ ನನ್ನ ದಡ್ಡತನ ನನಗೇ ಕಂಡಿತು. ಅವಳಿಗೆ ನೋಡುವ ಅನುಮತಿ ಹೇಗೆ ಕೊಡಿಸುವುದು ಎಂದು ನಾನು ಒದ್ದಾಡುತ್ತಿದ್ದೆ. ಅವಳಿಗೆ ಬೇಕಾದದ್ದು ನೋಡುವ ಅನುಮತಿಯೇ ಆಗಿರಲಿಲ್ಲ. ನಕ್ಷೆ ಹೊರಗೆ ಹೋಗಬೇಕಿತ್ತು, ಅದೂ ಅವಳ ಕೈಯಲ್ಲಲ್ಲ. ಸ್ಥಳ ತನಿಖೆಗಾಗಿ ನಕ್ಷೆ ಒಯ್ಯುವ ಹಕ್ಕು ಇದ್ದದ್ದು ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕ್‌ದಾರರಿಗೆ, ಶಿರಸ್ತೇದಾರರ ಸಹಿ ಇದ್ದರೆ. ಬಾವಿಯ ತಂಟೆ ಬಂದಿದೆ, ಬಂದು ನೋಡಿ ಎಂದು ಅರ್ಜಿ ಕೊಡುವುದಕ್ಕೆ ಖಾತೆದಾರರೇ ಆಗಬೇಕೆಂದಿರಲಿಲ್ಲ. ಬಾವಿಯಿಂದ ನೀರು ಎತ್ತುತ್ತಿದ್ದವರು ಯಾರಾದರೂ ಕೊಡಬಹುದಿತ್ತು. ಯಾವ ಚೀಟಿಯನ್ನೂ ತಿದ್ದುವ ಅಗತ್ಯವಿರಲಿಲ್ಲ, ಸತ್ತವನನ್ನು ಕರೆತರುವ ಅಗತ್ಯವೂ ಇರಲಿಲ್ಲ.

ಅರ್ಜಿ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ, ರಂಗರಾಯರ ಮುಂದೆ ನಿಂತೆ. ಅವರು ಚಪ್ಪಲಿ ನೋಡಿದರು.

"ಏನಯ್ಯಾ ಪುಟ್ಟಸ್ವಾಮಿ, ಗೆದ್ದಲು ಸಿಕ್ಕಿತೋ?"

"ಇಲ್ಲ ಸ್ವಾಮಿ. ಅರ್ಜಿ ಸಿಕ್ಕಿತು."

ಓದಿದರು. "ನಕಲು ಕೇಳಿದ್ದಳಲ್ಲ ಈಕೆ. ಈಗ ತನಿಖೆ ಕೇಳ್ತಾಳೆ. ಯಾರ ಬುದ್ಧಿ ಇದು?"

"ಅವರದೇ ಸ್ವಾಮಿ. ಬಾಯಿ ಅವರದು, ಬರೆದ ಕೈ ನಂದು."

ರಂಗರಾಯರು ಶೇಕ್‌ದಾರರಿಗೆ ಆಜ್ಞೆ ಬರೆದರು. ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ಈ ಅನುಮತಿ ಈ ಒಂದು ತನಿಖೆಗೆ ಮಾತ್ರ, ನಕ್ಷೆ ಅದೇ ದಿನ ವಾಪಸು ಬರತಕ್ಕದ್ದು, ರೆಕಾರ್ಡ್ ಕೀಪರ್ ಜೊತೆಯಲ್ಲಿ ಹೋಗತಕ್ಕದ್ದು. ಹೊಸಬರು ಈ ಸಾಲನ್ನು ಎರಡು ಸಲ ಓದಬೇಕು. ಕೊಟ್ಟ ಅನುಮತಿ ಕೆಲಸ ಮುಗಿದ ಮೇಲೆ ತಾನಾಗಿಯೇ ಹಿಂದಕ್ಕೆ ಬರುವುದಿಲ್ಲ. ಹೇಗೆ ಬರಬೇಕೆಂಬುದನ್ನು ಕೊಡುವಾಗಲೇ ಬರೆಯಬೇಕು.

ಸೋಮವಾರ ಬೆಳಿಗ್ಗೆ ಶೇಕ್‌ದಾರರೂ ನಾನೂ ಉಮ್ಮತ್ತೂರಿನ ಬಸ್ಸು ಹತ್ತಿದೆವು. ನಕ್ಷೆಯ ಕೊಳವೆಯನ್ನು ನಾನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಶೇಕ್‌ದಾರರಿಗೆ ನೆಗಡಿ. ಪ್ರತಿ ಮಾತಿಗೂ ಮುಂಚೆ ಒಂದು ಸೀನು ಬರುತ್ತಿತ್ತು, ನನಗೆ ಅದನ್ನು ಮಾಡಿ ತೋರಿಸಬೇಕೆಂದು ನಾಲಗೆ ತುರಿಸುತ್ತಿತ್ತು. ಹೊಟ್ಟೆಪಾಡಿನ ಭಯದಿಂದ ಸುಮ್ಮನಿದ್ದೆ.

ಬಾವಿಯ ಹತ್ತಿರ ಊರಿನ ಹತ್ತಾರು ಜನ ಸೇರಿದ್ದರು. ಇಂಜಿನ್ ಗಾಡಿಯ ಮೇಲೆ ಗೋಣಿಚೀಲ ಹೊದ್ದು ಕೂತಿತ್ತು. ಮೆಕ್ಯಾನಿಕ್ ಬೀಡಿ ಸೇದುತ್ತಿದ್ದ. ಮಲ್ಲಾಜಮ್ಮ ತನ್ನ ಕಪಿಲೆಯ ಕಂಬಕ್ಕೆ ಒರಗಿ ನಿಂತಿದ್ದಳು, ಅದನ್ನು ಯಾರಾದರೂ ಕಿತ್ತರೆ ತನ್ನನ್ನೂ ಸೇರಿಸಿ ಕೀಳಲಿ ಎನ್ನುವಂತೆ. ಮಕ್ಕಳಿಬ್ಬರೂ ಅವಳ ಹಿಂದೆ. ಶೇಕ್‌ದಾರರು ಸೀನಿ, ಯಾಕೆ ಬಂದಿದ್ದೇವೆಂದು ಹೇಳಿದರು. ನಾನು ಕೊಳವೆಯ ಮುಚ್ಚಳಕ್ಕೆ ಕೈ ಹಾಕಿದೆ.

ಗುರುಮಲ್ಲಪ್ಪ ತಡೆಯಲಾರದೆ ಮುಂದೆ ಬಂದ. "ಬುದ್ದಿ, ಆ ಗೀಟು ಬಾವಿ ನಡೂಕೆ ಓಗದೆ ದಿಟ. ಆದ್ರೆ ಅದು ಹಳೇ ಗೀಟು. ಆಗ ಬಾವಿ ಇಷ್ಟು ಅಗ್ಲ ಇರ್ನಿಲ್ಲ. ಅಗ್ಲ ಮಾಡ್ಸಿದ್ದು ನಾನು."

ಮುಚ್ಚಳ ಇನ್ನೂ ಕೊಳವೆಯ ಮೇಲೇ ಇತ್ತು.

"ನಾನಿನ್ನೂ ಬಿಚ್ಚೇ ಇಲ್ಲವಲ್ಲ ಗುರುಮಲ್ಲಪ್ನೋರೆ," ಎಂದರು ಶೇಕ್‌ದಾರರು, ಸೀನದೆ.

ಗುಂಪಿನಲ್ಲಿದ್ದ ಒಬ್ಬ ಮುದುಕರು ಊರುಗೋಲಿನಿಂದ ಇಂಜಿನ್ನಿನ ಗೋಣಿಚೀಲವನ್ನು ತಟ್ಟಿದರು. "ನಡೂಕೆ ಓಗದೆ ಅಂತ ನಿಂಗೆ ಗೊತ್ತಿತ್ತಾ ಗುರುಮಲ್ಲಾ? ಮತ್ತೆ ನಿನ್ನೆ ಸಂದೆಗಂಟ ಜಗ್ಲಿ ಮೇಲ್ ಕುಂತು ನಮಗೇನ್ಲಾ ಏಳ್ತಿದ್ದೆ?"

"ನೋಡಿದ್ದೆ ಕಣ್ ಮಾವ. ಮೊನ್ನೆ ನೋಡ್ದೆ."

"ನೋಡ್ಬುಟ್ಟೂ ಇಂಜಿನ್ನ ಬಾವಿ ತಾವ ತಂದ್ಯಾ?"

ಮೆಕ್ಯಾನಿಕ್ ಬೀಡಿ ಆರಿಸಿ ಬೇರೆ ಕಡೆ ನೋಡಿದ. ನಕ್ಷೆಯನ್ನು ಆದರೂ ಬಿಚ್ಚಿದೆವು, ತನಿಖೆ ಎಂದ ಮೇಲೆ ಬಿಚ್ಚಲೇಬೇಕು. ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಶೇಕ್‌ದಾರರು ಗಟ್ಟಿಯಾಗಿ ಓದಿದರು. ಬಾವಿ ಇಬ್ಬರಿಗೂ ಸಮ, ನೀರೆತ್ತುವ ಜಾಗ ಎರಡು ದಡದಲ್ಲೂ. ಜನ ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ಆ ಗೀಟನ್ನು ನೋಡಿದರು. ಗುರುಮಲ್ಲಪ್ಪ ಜಗಳ ಮಾಡಲಿಲ್ಲ. ಇಂಜಿನ್ನನ್ನು ತನ್ನ ದಡದ ಕಡೆಗೆ ಇಳಿಸಲು ಹೇಳಿ, ದಿನ ಬಿಟ್ಟು ದಿನ ಓಡಿಸುವುದಕ್ಕೆ ಒಪ್ಪಿ ಹೆಬ್ಬೆಟ್ಟಿನ ಬದಲು ಸಹಿಯನ್ನೇ ಹಾಕಿದ. ಮಲ್ಲಾಜಮ್ಮನ ದೊಡ್ಡ ಮಗಳು ಆಗಲೇ ಎತ್ತು ಹೊಡೆದುಕೊಂಡು ಬಂದು ಕಪಿಲೆಗೆ ಕಟ್ಟಿದಳು. ನೀರು ಕಾಲುವೆಗೆ ಬಿದ್ದ ಮೇಲೆಯೇ ಮಲ್ಲಾಜಮ್ಮ ಕಂಬ ಬಿಟ್ಟು ಈಚೆಗೆ ಬಂದದ್ದು.

ನಾನು ನಕ್ಷೆ ಸುತ್ತುತ್ತಿದ್ದೆ. ಅವಳು ಹತ್ತಿರ ಬಂದು ನಿಂತಳು. ಈಗ ಖಾತೆ ಮಾಡಿಸಿಕೊಳ್ಳುವುದು ಸುಲಭ, ತನಿಖೆಯ ವರದಿಯನ್ನೇ ಲಗತ್ತಿಸಬಹುದು, ಆಮೇಲೆ ನೀವು ಬೇಕೆಂದಾಗ ಬಂದು ನಕ್ಷೆ ನೋಡಬಹುದು ಎಂದು ಹೇಳಿದೆ. ಏನೋ ದೊಡ್ಡ ಉಡುಗೊರೆ ಕೊಡುತ್ತಿರುವವನ ಹಾಗೆ ಹೇಳಿದೆ ಎಂದು ಕಾಣುತ್ತದೆ. ಅವಳು ನನ್ನನ್ನು ನೋಡಲಿಲ್ಲ, ಕೊಳವೆಯನ್ನು ನೋಡಿದಳು.

"ಖಾತೆ ಮಾಡಿಸ್ಕತೀನಿ. ಆದ್ರೆ ಇದನ್ನ ಒಳೀಕೆ ಮಡಗ್ಬುಡಿ ಸ್ವಾಮಿ. ಯಾರ್ ಬಂದ್ ಕೇಳುದ್ರೂ ಸಲೀಸಾಗಿ ಈಚ್ಗೆ ತಗೀಬ್ಯಾಡಿ. ನಾನೇ ಬಂದ್ರೂವೆ."

ಮಧ್ಯಾಹ್ನದ ಬಸ್ಸಿಗೆ ಚಾಮರಾಜನಗರಕ್ಕೆ ಬಂದೆವು. ರಂಗರಾಯರಿಂದ ಬೀಗದ ಕೈ ತಂದು, ನಕ್ಷೆಯನ್ನು ಅದರ ಜಾಗದಲ್ಲಿಟ್ಟು, ಬೀರು ಮುಚ್ಚಿ ಬೀಗ ಹಾಕಿದೆ. ಬೀಗವನ್ನು ಎಳೆದು ನೋಡುವ ಅಭ್ಯಾಸ ನನಗೆ ಅಲ್ಲಿಯವರೆಗೆ ಇರಲಿಲ್ಲ. ಆ ದಿನ ಎಳೆದು ನೋಡಿದೆ.